ಮಲೆನಾಡಿನ ಹಳೆ ವ್ಯಾನು ಮತ್ತು ವಾಲ್ವ್ ಕೆಲಸ

ಶೃಂಗೇರಿ, ಕೊಪ್ಪ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಎಂಜಿನ್ ದುರಸ್ತಿಯ ಕಸುಬನ್ನು ರೂಪಿಸಿದವು ಎರಡು ಸಂಗತಿಗಳು. ಮೊದಲನೆಯದು ಏರಿಳಿತ ಬಿಟ್ಟರೆ ಬೇರೇನೂ ಇಲ್ಲದ ರಸ್ತೆ, ಎರಡನೆಯದು ಬಿಡಿಭಾಗ ಸಿಗುವ ಪೇಟೆಯ ದೂರ. ಇಲ್ಲಿಂದ ಕರಾವಳಿಗೆ ಹೊರಟ ಗಾಡಿ ಆಗುಂಬೆ ಘಾಟಿಯ 14 ತಿರುವುಗಳನ್ನೋ, ಕೆರೆಕಟ್ಟೆಯ ಮೇಲಿನ ಕಾರ್ಕಳದ ದಾರಿಯನ್ನೋ ಇಳಿಯಬೇಕು. ವಾಪಸು ಬರುವಾಗ ಅದೇ ದಾರಿಯನ್ನು ಹೊರೆ ಹೊತ್ತು ಏರಬೇಕು. ಆಗುಂಬೆ ಘಾಟಿಯ ಕಡಿದಾದ ತಿರುವುಗಳಲ್ಲಿ ದೊಡ್ಡ ಬಸ್ಸು, ಲಾರಿಗಳಿಗೆ ಅವಕಾಶವಿಲ್ಲ. ಹಾಗಾಗಿ ಜನ ಮತ್ತು ಸಾಮಾನು ಸಾಗಿಸುವ ಹೊಣೆ ಜೀಪು, ವ್ಯಾನು, ಮಿನಿ ಬಸ್ಸುಗಳ ಮೇಲೆ ಬಿತ್ತು. ಈ ಚಿಕ್ಕ ಎಂಜಿನ್‌ಗಳಲ್ಲಿ ಘಾಟಿಯ ಪೆಟ್ಟು ಹೆಚ್ಚಾಗಿ ಬೀಳುವ ಜಾಗಗಳಲ್ಲಿ ವಾಲ್ವ್‌ಗಳು ಮುಖ್ಯ.

ಎಂಜಿನ್ನಿನ ಪ್ರತಿ ಸಿಲಿಂಡರಿಗೆ ಗಾಳಿ ಅಥವಾ ಇಂಧನ ಬೆರೆತ ಗಾಳಿಯನ್ನು ಒಳಬಿಡಲು ಒಂದು ವಾಲ್ವ್, ಹೊಗೆಯನ್ನು ಹೊರಬಿಡಲು ಇನ್ನೊಂದು ವಾಲ್ವ್ ಇರುವುದು ಹಳೆಯ ಗಾಡಿಗಳ ಸಾಮಾನ್ಯ ವ್ಯವಸ್ಥೆ. ಕ್ಯಾಮ್ ಶಾಫ್ಟಿನ ಉಬ್ಬು ರಾಕರನ್ನು ತಳ್ಳುತ್ತದೆ, ರಾಕರು ವಾಲ್ವನ್ನು ಒತ್ತಿ ತೆರೆಯುತ್ತದೆ, ಸ್ಪ್ರಿಂಗು ಅದನ್ನು ಮತ್ತೆ ಸೀಟಿಗೆ ಎಳೆದು ಮುಚ್ಚುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಹೊಗೆ ವಾಲ್ವಿನ ತಲೆ 700 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ. ಆ ಬಿಸಿಯ ಹೆಚ್ಚಿನ ಪಾಲು ಇಳಿದುಹೋಗುವುದು ವಾಲ್ವ್ ಸೀಟಿನ ಮೇಲೆ ಕುಳಿತ ಆ ಚಿಕ್ಕ ಗಳಿಗೆಯಲ್ಲಿ. ಕುಳಿತಿರುವ ಹೊತ್ತು ಕಡಿಮೆಯಾದರೆ, ಅಥವಾ ಸಂದಿ ಉಳಿದರೆ, ಬಿಸಿ ಇಳಿಯದೆ ಅಂಚು ಸುಟ್ಟುಹೋಗುತ್ತದೆ.

ಘಾಟಿ ಏರುವಾಗ ಕೆಳ ಗೇರಿನಲ್ಲಿ, ಪೂರ್ತಿ ಆಕ್ಸಿಲರೇಟರಿನಲ್ಲಿ, ನಿಧಾನ ವೇಗದಲ್ಲಿ ಎಂಜಿನ್ ದುಡಿಯುತ್ತದೆ. ಎದುರಿನಿಂದ ಬೀಸುವ ಗಾಳಿಯೂ ಕಡಿಮೆ. ಇದು ಹೊಗೆ ವಾಲ್ವಿಗೆ ಪರೀಕ್ಷೆ. ಇಳಿಯುವಾಗಿನ ಪರೀಕ್ಷೆ ಬೇರೆ. ಪೆಟ್ರೋಲ್ ಗಾಡಿ ಎರಡನೇ ಗೇರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಒಳದಾರಿಯ ಕೊಳವೆಯಲ್ಲಿ ಜೋರಾದ ನಿರ್ವಾತ ಹುಟ್ಟುತ್ತದೆ. ವಾಲ್ವಿನ ಕಡ್ಡಿ ಜಾರುವ ಕೊಳವೆ, ಅಂದರೆ ಗೈಡು, ಸವೆದಿದ್ದರೆ, ಅದರ ಮೇಲಿನ ರಬ್ಬರ್ ಸೀಲು ಗಟ್ಟಿಯಾಗಿದ್ದರೆ, ಆ ನಿರ್ವಾತ ಹೆಡ್ಡಿನ ಮೇಲಿನ ಆಯಿಲನ್ನು ಸಿಲಿಂಡರಿನೊಳಕ್ಕೆ ಹೀರುತ್ತದೆ. ಆಗುಂಬೆ ಘಾಟಿಯ ಬುಡದ ಸೋಮೇಶ್ವರದಲ್ಲಿ ಚಾಲಕ ಮತ್ತೆ ಆಕ್ಸಿಲರೇಟರ್ ತುಳಿದಾಗ ಹಿಂದೆ ನೀಲಿ ಹೊಗೆ ಏಳುವುದು ಇದರಿಂದಲೇ. ಬಯಲುಸೀಮೆಯ ಹೆದ್ದಾರಿಯಲ್ಲಿ ಇನ್ನೂ ಕೆಲವು ಸಾವಿರ ಕಿಲೋಮೀಟರ್ ಓಡಬಹುದಾದ ಗೈಡು ಮಲೆನಾಡಿನಲ್ಲಿ ಬೇಗ ಸಿಕ್ಕಿಬೀಳುತ್ತದೆ. ಬಿಡಿಭಾಗಗಳನ್ನು ಹೋಲಿಸಿ ನೋಡುವ ಯಾವ ಮಾತೂ ಈ ಸೀಮೆಯಲ್ಲಿ ಇಲ್ಲಿಂದಲೇ ಶುರುವಾಗಬೇಕು.

ಮೋಟಾರು ಬರುವ ಮುಂಚೆ ಈ ಭಾಗಕ್ಕೆ ಬಂದ ಯಂತ್ರವಾಹನ ಟ್ರಾಮು. ತರೀಕೆರೆಯಿಂದ ಎಡೇಹಳ್ಳಿಗೆ ಹಾಕಿದ ಕಿರಿದಾದ ಹಳಿಯ ಮೇಲೆ ಅದು ಓಡಿತು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಪಡೆದು 1915ರಲ್ಲಿ ಎಡೇಹಳ್ಳಿ ನರಸಿಂಹರಾಜಪುರವಾಯಿತು. ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದರ ಕುಲುಮೆಗೆ ಬೇಕಾದ ಇದ್ದಿಲು ಬಂದದ್ದು ಮಲೆನಾಡಿನ ಕಾಡಿನ ಮರದಿಂದ. ಮುಂದೆ ಇದೇ ಕಾರ್ಖಾನೆ ಮಿಶ್ರಲೋಹದ ಉಕ್ಕು ತಯಾರಿಸಿ ಮೋಟಾರು ಉದ್ಯಮಕ್ಕೂ ಒದಗಿಸಿತು.

ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಕಾಫಿ ಮತ್ತು ಅಡಿಕೆ ತೋಟಗಳ ಗಾಡಿಯೆಂದರೆ ಜೀಪು. ವಿಲ್ಲಿಸ್ ಕಂಪನಿಯ ಪರವಾನಗಿಯಡಿ ಮಹೀಂದ್ರ ತಯಾರಿಸಿದ ಸಿಜೆ-3ಬಿ ಜೀಪಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ವಾಲ್ವ್ ಜೋಡಣೆ ವಿಚಿತ್ರವಾದದ್ದು. ಒಳ ವಾಲ್ವ್‌ಗಳು ಮೇಲಿನ ಹೆಡ್ಡಿನಲ್ಲಿ, ಹೊಗೆ ವಾಲ್ವ್‌ಗಳು ಕೆಳಗಿನ ಬ್ಲಾಕಿನಲ್ಲಿ. ಟ್ಯಾಪೆಟ್ ಕೂರಿಸಲು, ಅಂದರೆ ವಾಲ್ವಿನ ತುದಿಯಲ್ಲಿರಬೇಕಾದ ಸಂದಿಯನ್ನು ಹೊಂದಿಸಲು, ಮೇಲಿನ ಮುಚ್ಚಳವನ್ನೂ ಬಿಚ್ಚಬೇಕು, ಬದಿಯ ಮುಚ್ಚಳವನ್ನೂ ಬಿಚ್ಚಬೇಕು. ಬದಿಯ ಮುಚ್ಚಳದ ಕೆಲಸ ಇಕ್ಕಟ್ಟಿನದು. ಎಷ್ಟೋ ಕಡೆ ಅದನ್ನು ಮುಂದೂಡಿ ಮೇಲಿನದನ್ನಷ್ಟೇ ಸರಿಮಾಡುವ ಪದ್ಧತಿ ಬೆಳೆಯಿತು. ಹೆಚ್ಚು ಸುಡುವ ವಾಲ್ವ್ ಕೆಳಗಿನದೇ ಆದ್ದರಿಂದ ಆ ಅರೆಕೆಲಸಕ್ಕೆ ತೆತ್ತ ಬೆಲೆ ದೊಡ್ಡದು.

ಬಿಡಿಭಾಗಗಳ ಚರಿತ್ರೆ ತಿರುಗಿದ್ದು 1953ರಲ್ಲಿ. ಆ ವರ್ಷ ಟ್ಯಾರಿಫ್ ಕಮಿಷನ್ ಮಾಡಿದ ಶಿಫಾರಸಿನಂತೆ, ದೇಶದಲ್ಲೇ ತಯಾರಿಸುವ ಯೋಜನೆ ಇಲ್ಲದೆ ಬರೀ ಜೋಡಣೆ ಮಾಡುತ್ತಿದ್ದ ಕಂಪನಿಗಳಿಗೆ ಜಾಗವಿಲ್ಲದಂತಾಯಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಭಾರತ ಬಿಟ್ಟವು. ಉಳಿದ ತಯಾರಕರಿಗೆ ಪಿಸ್ಟನ್ನು, ರಿಂಗು, ವಾಲ್ವು, ಬೇರಿಂಗು ಎಲ್ಲವನ್ನೂ ಇಲ್ಲೇ ಮಾಡುವವರು ಬೇಕಾದರು. ಬೆಂಗಳೂರಿನಲ್ಲಿ 1951ರಲ್ಲೇ ಹುಟ್ಟಿದ್ದ ಮೈಕೋ ಕಂಪನಿ ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ಗುಗಳನ್ನು ಮಾಡಿತು. ಮದರಾಸಿನಲ್ಲಿ 1959ರಲ್ಲಿ ರಾಣೆ ಬಳಗದ ಎಂಜಿನ್ ವಾಲ್ವ್ಸ್ ಸಂಸ್ಥೆ ಶುರುವಾಯಿತು. ಅದೇ ಬಳಗಕ್ಕೆ ಸೇರಿದ, ವಾಲ್ವ್‌ಗಳನ್ನೇ ಮಾಡುವ ಕಾರ್ ಮೊಬೈಲ್ಸ್ 1974ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾಗಿ, ಮುಂದೆ ರಾಣೆ ಎಂಜಿನ್ ವಾಲ್ವ್‌ನಲ್ಲಿ ವಿಲೀನವಾಯಿತು. ತುಮಕೂರಿನಲ್ಲೂ ವಾಲ್ವ್ ತಯಾರಿಕೆಯ ಘಟಕ ಬಂತು. ಮಲೆನಾಡಿನ ಜೀಪಿಗೆ ಬೇಕಾದ ವಾಲ್ವ್ ಕರ್ನಾಟಕದಲ್ಲೇ ತಯಾರಾಗುವ ಕಾಲ ಹೀಗೆ ಬಂದರೂ ಕೊಪ್ಪದ ಗ್ಯಾರೇಜಿಗೆ ಅದು ತಲುಪುವ ದಾರಿ ಹಳೆಯದೇ ಆಗಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಯ ಸಗಟು ಅಂಗಡಿಯಿಂದ ಶಿವಮೊಗ್ಗಕ್ಕೆ, ಅಲ್ಲಿಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪೊಟ್ಟಣವಾಗಿ ಮಲೆನಾಡಿಗೆ. ಮಳೆಗಾಲದಲ್ಲಿ ರಸ್ತೆ ಕಟ್ಟಾದರೆ ಗಾಡಿ ಹೆಡ್ಡು ಬಿಚ್ಚಿಕೊಂಡೇ ನಿಲ್ಲಬೇಕು. ಆಗುಂಬೆ ಸೀಮೆಯ ವಾರ್ಷಿಕ ಮಳೆ 7000 ಮಿಲಿಮೀಟರ್ ಮೀರುತ್ತದೆ ಎಂಬುದನ್ನು ನೆನೆದರೆ ಈ ಕಾಯುವಿಕೆ ಎಷ್ಟು ಮಾಮೂಲಾಗಿತ್ತು ಎಂದು ತಿಳಿಯುತ್ತದೆ.

ಭಾಗ ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಇದ್ದದ್ದನ್ನೇ ಮತ್ತೆ ಕೂರಿಸುವ ಕೈಕೆಲಸ ನುರಿಯಿತು. ಹೆಡ್ಡು ಬಿಚ್ಚಿ, ಸ್ಪ್ರಿಂಗು ಒತ್ತಿ, ಅರ್ಧಚಂದ್ರದ ಲಾಕುಗಳನ್ನು ತೆಗೆದು, ಎಲ್ಲ ವಾಲ್ವನ್ನೂ ಕ್ರಮ ತಪ್ಪದಂತೆ ತೂತು ಕೊರೆದ ರಟ್ಟಿನ ಮೇಲೆ ಸಿಕ್ಕಿಸಿಡುತ್ತಾರೆ. ಮಸಿ ಕೆರೆದ ವಾಲ್ವಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಿ, ತಲೆಗೆ ರಬ್ಬರ್ ಬಟ್ಟಲಿನ ಕಡ್ಡಿ ಅಂಟಿಸಿ, ಅಂಗೈಗಳ ನಡುವೆ ಮಜ್ಜಿಗೆ ಕಡೆದಂತೆ ಆಚೀಚೆ ತಿರುಗಿಸುತ್ತಾರೆ. ನಡುನಡುವೆ ವಾಲ್ವನ್ನು ಎತ್ತಿ ಕಾಲು ಸುತ್ತು ತಿರುಗಿಸಿ ಮತ್ತೆ ಇಡಬೇಕು, ಇಲ್ಲದಿದ್ದರೆ ಒಂದೇ ಜಾಗದಲ್ಲಿ ಗೆರೆ ಬೀಳುತ್ತದೆ. ಮೊದಲು ಒರಟು ಪೇಸ್ಟು, ಆಮೇಲೆ ನಯವಾದದ್ದು. ಕೊನೆಗೆ ಅಂಚಿನ ಸುತ್ತ ಎಲ್ಲೂ ತುಂಡಾಗದ, ಒಂದೇ ಅಗಲದ ಬೂದು ಬಣ್ಣದ ಉಂಗುರ ಕಾಣಬೇಕು. ಪೇಸ್ಟನ್ನು ಒಂದು ಕಣವೂ ಉಳಿಯದಂತೆ ತೊಳೆದು, ವಾಲ್ವ್ ಸ್ಪ್ರಿಂಗುಗಳನ್ನು ಜೋಡಿಸಿ, ಹೆಡ್ಡನ್ನು ಓರೆಯಾಗಿಟ್ಟು ಪೋರ್ಟಿನೊಳಗೆ ಸೀಮೆಎಣ್ಣೆ ಸುರಿಯುತ್ತಾರೆ. ತುಸು ಹೊತ್ತಾದರೂ ವಾಲ್ವಿನ ಅಂಚಿನಲ್ಲಿ ಪಸೆ ಕಾಣದಿದ್ದರೆ ಕೆಲಸ ಗೆದ್ದಂತೆ. ಯಾವ ಮೀಟರೂ ಬೇಡದ, ಸುಳ್ಳು ಹೇಳದ ಈ ಪರೀಕ್ಷೆ ಇಂದಿಗೂ ಬದಲಾಗಿಲ್ಲ.

ಬಾಡಿಗೆ ಕಾರಾಗಿ ಬಂದ ಅಂಬಾಸಿಡರ್ ಮೇಸ್ತ್ರಿಗಳಿಗೆ ಇನ್ನೊಂದು ಲೆಕ್ಕ ಕಲಿಸಿತು. 1489 ಸಿಸಿಯ ಆ ಎಂಜಿನ್ನಿನಲ್ಲಿ ಎಂಟು ವಾಲ್ವ್‌ಗಳು ಒಂದೇ ಸಾಲಿನಲ್ಲಿವೆ. ಒಂದನೇ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದರ ಟ್ಯಾಪೆಟ್ ಕೂರಿಸಬೇಕು. ಎರಡನೆಯದು ತೆರೆದಾಗ ಏಳನೆಯದು, ಮೂರನೆಯದು ತೆರೆದಾಗ ಆರನೆಯದು. ಎರಡೂ ಸಂಖ್ಯೆ ಕೂಡಿದರೆ ಯಾವಾಗಲೂ 9. ಟೈಮಿಂಗ್ ಗುರುತನ್ನು ಹುಡುಕದೆ, ಪುಸ್ತಕ ನೋಡದೆ ಕೆಲಸ ಮುಗಿಸಲು ಈ ಒಂಬತ್ತರ ಲೆಕ್ಕ ಸಾಕು.

ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದ ಕಾಲದಲ್ಲಿ ಆ ಸೀಸವೇ ವಾಲ್ವ್ ಮತ್ತು ಸೀಟಿನ ನಡುವೆ ತೆಳ್ಳನೆಯ ಹೊದಿಕೆಯಾಗಿ ಸವೆತ ತಡೆಯುತ್ತಿತ್ತು. ಎರಕದ ಕಬ್ಬಿಣದ ಹೆಡ್ಡಿನಲ್ಲೇ ಸೀಟು ಕೊರೆದಿದ್ದ ಹಳೆ ಎಂಜಿನ್‌ಗಳು ಅದನ್ನು ನಂಬಿಕೊಂಡಿದ್ದವು. 2000ದ ಫೆಬ್ರುವರಿ 1ರಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಕಡ್ಡಾಯವಾಯಿತು. ಜನರ, ಅದರಲ್ಲೂ ಮಕ್ಕಳ ಆರೋಗ್ಯಕ್ಕೆ ಅದು ಬಹು ದೊಡ್ಡ ಉಪಕಾರ. ಆದರೆ ಘಾಟಿ ಏರುವ ಹಳೆ ಕಾರಿನಲ್ಲಿ ಹೊಗೆ ವಾಲ್ವಿನ ಸೀಟು ಕುಸಿಯತೊಡಗಿತು. ಅದಕ್ಕೆ ಪರಿಹಾರ, ಹೆಡ್ಡನ್ನು ಶಿವಮೊಗ್ಗ ಅಥವಾ ಮಂಗಳೂರಿನ ಲೇತಿಗೆ ಒಯ್ದು ಗಟ್ಟಿ ಲೋಹದ ಸೀಟು ಬಳೆ ಕೂರಿಸುವುದು.

ಡೀಸೆಲ್ ಗಾಡಿಗಳು ಕಸುಬನ್ನು ಬೇರೆ ದಿಕ್ಕಿಗೆ ಒಯ್ದವು. 1979ರಲ್ಲಿ ಪ್ಯೂಜೋ ಕಂಪನಿಯೊಂದಿಗೆ ಮಾಡಿಕೊಂಡ ಒಪ್ಪಂದದಿಂದ ಮಹೀಂದ್ರ ಜೀಪಿಗೆ 2112 ಸಿಸಿಯ ಎಕ್ಸ್‌ಡಿಪಿ ಎಂಜಿನ್ ಬಂತು. ಬಜಾಜ್ ಟೆಂಪೊ ಕಂಪನಿಯ ಮ್ಯಾಟಡೋರ್ ವ್ಯಾನು ಮದುವೆ ದಿಬ್ಬಣದಿಂದ ಅಡಿಕೆ ಮೂಟೆಯವರೆಗೆ ಎಲ್ಲಕ್ಕೂ ಒದಗಿತು. 1987ರಲ್ಲಿ ಅದೇ ಕಂಪನಿ ಟೆಂಪೊ ಟ್ರಾವೆಲರ್ ತಂದಿತು. ಮರ್ಸಿಡಿಸ್ ವಿನ್ಯಾಸದ ಒಎಂ616 ಡೀಸೆಲ್ ಎಂಜಿನ್ನಿನ ಈ ಗಾಡಿ, ಜನರ ಬಾಯಲ್ಲಿ ಟಿಟಿ, ಶೃಂಗೇರಿ, ಹೊರನಾಡು, ಧರ್ಮಸ್ಥಳ ಸುತ್ತುವ ಯಾತ್ರಿಕರ ವಾಹನವಾಯಿತು. 2.4 ಲೀಟರಿನ ಈ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟು ಹೆಡ್ಡಿನ ಮೇಲಿದೆ, ಅದನ್ನು ತಿರುಗಿಸುವುದು ಚೈನು. ಎಂಜಿನ್ ತಣ್ಣಗಿದ್ದಾಗ ಒಳ ವಾಲ್ವಿನ ಸಂದಿ 0.10, ಹೊಗೆ ವಾಲ್ವಿನದು 0.30 ಮಿಲಿಮೀಟರ್ ಇರಬೇಕು. ಆ ಅಳತೆ ಕಾಯ್ದುಕೊಂಡರೆ ಬಹಳ ಕಾಲ ಬಾಳುವ ಎಂಜಿನ್ ಇದು. ಜರ್ಮನಿಯ ಟ್ಯಾಕ್ಸಿಗಳಲ್ಲಿ ಹೆಸರು ಮಾಡಿದ 240ಡಿ ಕಾರಿನ ಹೃದಯವೂ ಇದೇ.

ಇದೇ ಕಾಲದಲ್ಲಿ ಕೊಪ್ಪದ ಸಾರಿಗೆ ಚರಿತ್ರೆಯಲ್ಲಿ ದೊಡ್ಡ ಘಟನೆಯೊಂದು ನಡೆಯಿತು. ಖಾಸಗಿ ಶಂಕರ್ ಸಾರಿಗೆ ಕಂಪನಿ ಮುಚ್ಚಿದಾಗ ಬೀದಿಗೆ ಬಿದ್ದ ಕಾರ್ಮಿಕರು 1991ರಲ್ಲಿ ಸಹಕಾರ ಸಂಘ ಕಟ್ಟಿ ತಾವೇ ಬಸ್ಸು ಓಡಿಸಿದರು. ಚಾಲಕ, ನಿರ್ವಾಹಕ, ಮೆಕ್ಯಾನಿಕ್ಕುಗಳೇ ಮಾಲೀಕರಾಗಿದ್ದ ಸಹಕಾರ ಸಾರಿಗೆ ಮೂರು ತಾಲ್ಲೂಕುಗಳ ಒಳಹಳ್ಳಿಗಳನ್ನು ಸುಮಾರು ಮೂರು ದಶಕ ಜೋಡಿಸಿ, 2020ರಲ್ಲಿ ನಿಂತಿತು. ಕರ್ನಾಟಕದ ದುಡಿಯುವ ಜನ ಕಟ್ಟಿದ ಸಂಸ್ಥೆಗಳಲ್ಲಿ ಇದಕ್ಕೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ. ಅದು ನಿಂತ ಮೇಲೆ ಹಳೆ ವ್ಯಾನುಗಳ ಮೇಲಿನ ಭಾರ ಇನ್ನಷ್ಟು ಹೆಚ್ಚಿತು.

ಆ ವ್ಯಾನುಗಳಲ್ಲಿ ಮೊದಲ ಸ್ಥಾನ ಓಮ್ನಿಯದು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದು, 2019ರವರೆಗೆ ತಯಾರಾಯಿತು. ಮೂರು ಸಿಲಿಂಡರಿನ, ಆರು ವಾಲ್ವಿನ, 796 ಸಿಸಿಯ ಎಂಜಿನ್ ಮುಂದಿನ ಸೀಟುಗಳ ಅಡಿಯಲ್ಲಿದೆ. ಟ್ಯಾಪೆಟ್ ನೋಡಬೇಕೆಂದರೆ ಬಾನೆಟ್ಟಿಲ್ಲ, ಸೀಟನ್ನೇ ಎತ್ತಬೇಕು. ಮನೆಯ ಗಾಡಿ, ಶಾಲೆ ಮಕ್ಕಳ ಗಾಡಿ, ಹಾಲು ತರಕಾರಿಯ ಗಾಡಿ, ಎಷ್ಟೋ ಊರುಗಳಲ್ಲಿ ಆಂಬುಲೆನ್ಸು ಕೂಡ ಇದೇ. ಎಂಟು ಜನ ತುಂಬಿಕೊಂಡು ಏರು ಹತ್ತಿಸುವ ಮಟ್ಟಕ್ಕೆ ಈ ಪುಟ್ಟ ಎಂಜಿನ್ನನ್ನು ದುಡಿಸಲಾಗಿದೆ.

ಓಮ್ನಿಗೆ ಗ್ಯಾಸ್ ಕಿಟ್ ಹಾಕಿಸುವುದು ಹರಡಿದ ಮೇಲೆ ಸೀಟು ಕುಸಿಯುವ ಹಳೆ ರೋಗ ಹೊಸ ರೂಪದಲ್ಲಿ ಮರಳಿತು. ಅನಿಲ ಒಣ ಇಂಧನ, ವಾಲ್ವಿನ ಅಂಚಿಗೆ ಯಾವ ಜಿಡ್ಡನ್ನೂ ಕೊಡುವುದಿಲ್ಲ. ಸೀಟು ಸವೆದಂತೆ ವಾಲ್ವ್ ಮೇಲಕ್ಕೆ ಸರಿದು ಟ್ಯಾಪೆಟ್ ಸಂದಿ ಕಿರಿದಾಗುತ್ತದೆ, ಎಂಜಿನ್ನಿನ ಟಕಟಕ ಸದ್ದು ಅಡಗುತ್ತದೆ. ಗಾಡಿ ನಯವಾಯಿತೆಂದು ಮಾಲೀಕ ಸಮಾಧಾನಪಡುವ ಹೊತ್ತಿಗೆ ವಾಲ್ವ್ ಪೂರ್ತಿ ಮುಚ್ಚುವುದನ್ನೇ ನಿಲ್ಲಿಸಿರುತ್ತದೆ. ಟ್ಯಾಪೆಟ್ ಸದ್ದು ಮಾಡಿದರೆ ಗ್ಯಾರೇಜಿಗೆ ಬರುವವರು ಸದ್ದು ತಾನಾಗಿ ನಿಂತಾಗಲೂ ಬರಬೇಕು. ಹಳೆಯ ಮೇಸ್ತ್ರಿಗಳು ಕಿವಿಗಿಂತ ಫೀಲರ್ ಗೇಜನ್ನು ನಂಬಿದ್ದಕ್ಕೆ ಇದೇ ಕಾರಣ.

ಈಗ ಅಂಗಡಿಯ ಕಟ್ಟೆಯ ಮೇಲೆ ಹಳೆ ವ್ಯಾನಿಗೆ ಸಿಗುವ ಮಾಲು ಮೂರು ಬಗೆಯದು: ಗಾಡಿ ಕಂಪನಿಯ ಡಬ್ಬಿಯಲ್ಲಿ ಬರುವುದು, ಹೆಸರುಳ್ಳ ಬಿಡಿಭಾಗ ತಯಾರಕರು ತಮ್ಮದೇ ಡಬ್ಬಿಯಲ್ಲಿ ಮಾರುವುದು, ಮತ್ತು ಲೋಕಲ್ ಎನ್ನಿಸಿಕೊಂಡದ್ದು. ಮೊದಲ ಎರಡರ ನಡುವಿನ ಬೆಲೆ ವ್ಯತ್ಯಾಸ ದೊಡ್ಡದಿದ್ದರೂ ಗುಣದ ವ್ಯತ್ಯಾಸ ಎಷ್ಟೋ ಸಲ ಇರುವುದಿಲ್ಲ. ಗಾಡಿ ಕಂಪನಿಗಳಿಗೆ ವಾಲ್ವ್ ಒದಗಿಸುವವರು ಇಂಥ ತಯಾರಕರೇ. ದುಡ್ಡು ಉಳಿಸಬೇಕಾದ್ದು ಇಲ್ಲಿ. ನಿಜವಾದ ಕಂದಕ ಇರುವುದು ಎರಡನೆಯ ಮತ್ತು ಮೂರನೆಯ ಬಗೆಯ ನಡುವೆ.

ವಾಲ್ವನ್ನೇ ತೆಗೆದುಕೊಂಡರೆ, ಒಳ ವಾಲ್ವಿಗೆ ಕ್ರೋಮಿಯಂ ಮತ್ತು ಸಿಲಿಕಾನ್ ಬೆರೆತ ಉಕ್ಕು ಸಾಕು. ಒಳ್ಳೆಯ ಹೊಗೆ ವಾಲ್ವಿನ ತಲೆಗೆ ಸಾಮಾನ್ಯವಾಗಿ ಬಳಸುವುದು ಶೇ 21ರಷ್ಟು ಕ್ರೋಮಿಯಂ, ಶೇ 4ರಷ್ಟು ನಿಕ್ಕಲ್, ಜೊತೆಗೆ ಮ್ಯಾಂಗನೀಸ್ ಇರುವ ಬೇರೆ ಉಕ್ಕು. ಅದು ಕೆಂಪಗೆ ಕಾದರೂ ಗಟ್ಟಿತನ ಬಿಡುವುದಿಲ್ಲ. ಈ ಉಕ್ಕಿಗೆ ಅಯಸ್ಕಾಂತ ಅಂಟುವುದಿಲ್ಲ. ಕಡ್ಡಿಯನ್ನು ಮಾತ್ರ ಬೇರೆ ಉಕ್ಕಿನಲ್ಲಿ ಮಾಡಿ ಬೆಸೆಯುವ ಪದ್ಧತಿ ಇರುವುದರಿಂದ ಕಡ್ಡಿಗೆ ಅಂಟಿದರೆ ತಪ್ಪಲ್ಲ. ಹಳೆಯ ಮೂಲ ವಾಲ್ವಿನ ತಲೆಗೆ ಅಂಟದ ಅಯಸ್ಕಾಂತ ಹೊಸದರ ತಲೆಗೆ ಗಟ್ಟಿಯಾಗಿ ಅಂಟಿದರೆ ಅದನ್ನು ಕಟ್ಟೆಯ ಮೇಲೆಯೇ ಬಿಟ್ಟು ಬರುವುದು ಲೇಸು. ಹೊಳಪು ನೋಡಿ ಕೊಂಡ ಅಂಥ ವಾಲ್ವ್ ಘಾಟಿಯ ಏರಿಗೆ ತಡೆಯುವುದಿಲ್ಲ.

ಗೈಡಿನ ಮಾತು ಬೇರೆ. ಮೂಲದಲ್ಲಿ ಹೆಚ್ಚಾಗಿ ಇರುವುದು ಎರಕದ ಕಬ್ಬಿಣದ್ದು. ಲೇತಿನಲ್ಲಿ ಕಂಚಿನ ಸರಳಿನಿಂದ ಕಡೆದು ಕೊಡುವುದೂ ಉಂಟು. ಕಂಚು ಬಿಸಿಯನ್ನು ಬೇಗ ಸಾಗಿಸುತ್ತದೆ, ಕಡಿಮೆ ಆಯಿಲಿನಲ್ಲೂ ಕಚ್ಚಿಕೊಳ್ಳುವುದಿಲ್ಲ. ಅಳತೆ ಬಲ್ಲವನು ಕಡೆದರೆ ಇಳಿಜಾರಿನ ಊರಿಗೆ ಅದು ಒಳ್ಳೆಯ ಆಯ್ಕೆಯೇ. ಆದರೆ ಗೈಡು ಬದಲಿಸಿದ ಮೇಲೆ ಸೀಟನ್ನೂ ಆ ಗೈಡಿನ ನೇರಕ್ಕೆ ಮತ್ತೆ ಕತ್ತರಿಸಲೇಬೇಕು. ಹೊಸ ಗೈಡಿನಲ್ಲಿ ನಿಂತ ವಾಲ್ವ್ ಹಳೆಯ ಸೀಟಿನ ಮೇಲೆ ಓರೆಯಾಗಿ ಕೂರುತ್ತದೆ. ಎಷ್ಟು ಪೇಸ್ಟ್ ಹಚ್ಚಿ ತಿಕ್ಕಿದರೂ ಸರಿಹೋಗದು. ಬಿಡಿಭಾಗ ಕೆಟ್ಟದ್ದು ಎಂಬ ದೂರುಗಳಲ್ಲಿ ಒಂದಷ್ಟಕ್ಕೆ ಕಾರಣ ಈ ಬಿಟ್ಟುಹೋದ ಕೆಲಸ.

ಸೀಲುಗಳು ತೀರ ಅಗ್ಗದ ಭಾಗ, ಆದರೆ ಅದರಲ್ಲೇ ಮೋಸಹೋಗುವವರು ಹೆಚ್ಚು. ಸಾಧಾರಣ ನೈಟ್ರೈಲ್ ರಬ್ಬರು ಎಂಜಿನ್ನಿನ ಬಿಸಿಗೆ ಕೆಲವೇ ವರ್ಷಗಳಲ್ಲಿ ಪ್ಲಾಸ್ಟಿಕ್ಕಿನಂತೆ ಗಡುಸಾಗುತ್ತದೆ, ವೈಟನ್ ಜಾತಿಯದು ಹೆಚ್ಚು ಬಿಸಿ ತಡೆಯುತ್ತದೆ. ಬಣ್ಣ ನೋಡಿ ಗುರುತಿಸಲು ಆಗದು, ತಯಾರಕರ ಹೆಸರೇ ಆಧಾರ. ಸ್ಪ್ರಿಂಗಿಗೆ ಗ್ಯಾರೇಜಿನಲ್ಲೇ ಪರೀಕ್ಷೆ ಇದೆ. ಹಳೆಯದನ್ನೂ ಹೊಸದನ್ನೂ ತುದಿಗೆ ತುದಿ ಸೇರಿಸಿ ವೈಸಿನಲ್ಲಿ ಒತ್ತಿದರೆ ಮೊದಲು ಕುಗ್ಗುವುದು ಸೋತದ್ದು. ಕುಗ್ಗಿದ್ದು ಹೊಸದೇ ಆದರೆ ಹಳೆಯದನ್ನೇ ಹಾಕುವುದು ಮೇಲು.

ಲೋಕಲ್ ಮಾಲು ಹೆಚ್ಚು ಹಾನಿ ಮಾಡುವುದು ರಾಕರಿನಲ್ಲಿ. ಕ್ಯಾಮಿಗೆ ತಾಗುವ ರಾಕರಿನ ಮುಖಕ್ಕೆ ಆಳವಾಗಿ ಹದ ಕೊಟ್ಟಿರಬೇಕು. ಅರ ಹಾಕಿದರೆ ಜಾರಬೇಕು, ಕಚ್ಚಬಾರದು. ಹದ ತೆಳುವಾಗಿದ್ದರೆ ಮುಖ ಬೇಗ ತೇಯ್ದು, ತನ್ನ ಜೊತೆ ಕ್ಯಾಮಿನ ಉಬ್ಬನ್ನೂ ತೇಯಿಸುತ್ತದೆ. ನೂರಾರು ರೂಪಾಯಿ ಉಳಿಸಲು ಹೋಗಿ ಇಡೀ ಕ್ಯಾಮ್ ಶಾಫ್ಟು ಕಳೆದುಕೊಳ್ಳುವ ವ್ಯಾಪಾರ ಇದು. ಸವೆದ ಕ್ಯಾಮಿಗೆ ಹೊಸ ರಾಕರು, ಸವೆದ ರಾಕರಿಗೆ ಹೊಸ ಕ್ಯಾಮು ಹಾಕುವುದೂ ಅಷ್ಟೇ ಕೆಟ್ಟದ್ದು.

ಓಮ್ನಿಯವರು ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಆಲ್ಟೊ ಕಾರಿನ ಎಂಜಿನ್ನೂ 796 ಸಿಸಿಯದೇ. ಆದರೆ ಅದರ ಹೆಡ್ಡಿನಲ್ಲಿರುವುದು 12 ವಾಲ್ವ್. ಓಮ್ನಿಯ ಆರು ವಾಲ್ವಿನ ಹೆಡ್ಡಿಗೆ ಅವು ಹೊಂದುವುದಿಲ್ಲ. ಸಿಸಿ ಹೇಳಿ ಸಾಮಾನು ಕೇಳಿದರೆ ಬೇರೆಯದೇ ಕೈಗೆ ಬರಬಹುದು. ಬಿಚ್ಚಿದ ಹಳೆಯ ವಾಲ್ವನ್ನು ಎಸೆಯದೆ ಅಂಗಡಿಗೆ ಒಯ್ದು, ಒಟ್ಟು ಉದ್ದ, ಕಡ್ಡಿಯ ದಪ್ಪ, ತಲೆಯ ಅಗಲ, ಲಾಕು ಕೂರುವ ತೋಡು ಇಷ್ಟನ್ನೂ ಹೊಸದರ ಪಕ್ಕ ಇಟ್ಟು ತಾಳೆ ನೋಡಿಯೇ ದುಡ್ಡು ಕೊಡಬೇಕು. ಮಳೆ ಹಿಡಿಯುವ ಮುನ್ನ, ಮೇ ತಿಂಗಳಲ್ಲೇ, ಟ್ಯಾಪೆಟ್ ಸಂದಿ ನೋಡಿಸಿಕೊಂಡ ವ್ಯಾನು ಆ ವರ್ಷದ ಘಾಟಿಗೆ ಸಿದ್ಧ.